ಪಹಣಿಯಲ್ಲಿ ಕಾಣದ ಮನೆ

ಪಹಣಿಯಲ್ಲಿ ಮನೆ ಕಾಣುವುದಿಲ್ಲ. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಖರಾಬು, ಕಂದಾಯ, 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು, 11ರಲ್ಲಿ ಸಾಲ ಮತ್ತು ಇತರೆ ಹಕ್ಕುಗಳು, 12ರಲ್ಲಿ ರಾಗಿಯೋ ತೆಂಗೋ ಮಾವೋ, ಇಷ್ಟೆಲ್ಲ ಇರುತ್ತದೆ. ಆದರೆ ಆ ತೆಂಗಿನ ಮರಗಳ ನಡುವೆ ಆರ್‌ಸಿಸಿ ಮನೆಯೊಂದು ಎದ್ದು ನಿಂತಿದ್ದರೆ, ಅದು ಯಾವಾಗ ಕಟ್ಟಿದ್ದು, ಯಾರನ್ನು ಕೇಳಿ ಕಟ್ಟಿದ್ದು, ಯಾರ ನೆಲದಲ್ಲಿ ಕಟ್ಟಿದ್ದು ಎನ್ನುವುದಕ್ಕೆ ಪಹಣಿ ಉತ್ತರ ಕೊಡುವುದಿಲ್ಲ. ಜಮೀನು ಕೊಳ್ಳುವವರು ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಇಸಿ (ಋಣಭಾರ ಪ್ರಮಾಣಪತ್ರ) ಮೂರನ್ನೂ ವಕೀಲರಿಗೆ ಕೊಟ್ಟು, "ಪೇಪರ್ ಎಲ್ಲಾ ಕ್ಲಿಯರ್" ಎಂಬ ಮಾತು ಕೇಳಿ ನಿಶ್ಚಿಂತರಾಗುತ್ತಾರೆ. ಕ್ಲಿಯರ್ ಆಗಿರುವುದು ಮಣ್ಣಿನ ಕಾಗದ. ಮನೆಯ ಕಾಗದವನ್ನು ಯಾರೂ ಕೇಳಿರುವುದಿಲ್ಲ.

ಈ ಬರಹಕ್ಕೆ ಕಾರಣ ನನ್ನ ಚಿಕ್ಕಪ್ಪನ ಮಗಳು ಮತ್ತು ಅವಳ ಗಂಡ. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿದ ಮೇಲೆ ಒಳಗೊಂದು ಹಳ್ಳಿಯಲ್ಲಿ ಎರಡು ಎಕರೆ ನೋಡಿದ್ದಾರೆ. ಮಾವು, ಸ್ವಲ್ಪ ತೆಂಗು, ಒಂದು ಬೋರು, ಮೂರು ಕೋಣೆಯ ಮನೆ, ಹಿಂದೆ ಶೀಟು ಹಾಕಿದ ಕೊಟ್ಟಿಗೆ. ಮನೆತನದಲ್ಲಿ ಜಮೀನಿನ ಕಾಗದ ಓದುವ ಅಭ್ಯಾಸ ಇರುವವನು ನಾನೊಬ್ಬನೇ ಆದ್ದರಿಂದ "ಅಣ್ಣ, ಒಂದ್ಸಲ ನೋಡಿ ಹೇಳು" ಎಂದು ಕಾಗದಗಳನ್ನು ಕಳಿಸಿದಳು. ನಾನು ವಕೀಲನಲ್ಲ, ಕಂದಾಯ ಇಲಾಖೆಯವನೂ ಅಲ್ಲ. ಆದರೆ ನಗರದಿಂದ ಹೀಗೆ ಹೊರಟವರು ಈಗ ಬಹಳ ಜನ ಇದ್ದಾರೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ಕೊಳ್ಳುವ ಬಾಗಿಲು ತೆರೆಯಿತು. ಕೊಂಡ ಮೇಲೆ ಅಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎನ್ನುವ ನಿಯಮಗಳು ಆ ತಿದ್ದುಪಡಿಯಿಂದ ಬದಲಾಗಲಿಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದವರನ್ನು ನಾನು ಪದೇ ಪದೇ ಕಾಣುತ್ತಿದ್ದೇನೆ.

ಜಮೀನು ಮಾರುತ್ತಿರುವ ಗೌಡರನ್ನು ಮನೆಯ ಪರವಾನಗಿ ಕೇಳಿದೆ. ಅವರು ನೇರ ಮನುಷ್ಯರು. "ಅಲ್ಲಾ ಸ್ವಾಮಿ, ನಮ್ ಜಮೀನಲ್ಲಿ ನಾವ್ ಮನೆ ಕಟ್ಕೊಳ್ಳಕ್ಕೆ ಯಾರ್ನ ಕೇಳ್ಬೇಕು? ನಮ್ಮಪ್ಪ ಕೇಳಿದ್ನಾ, ನಮ್ ತಾತ ಕೇಳಿದ್ನಾ?" ಎಂದರು. ಈ ಮಾತಿನಲ್ಲಿ ದೊಡ್ಡ ಪಾಲು ಸತ್ಯವಿದೆ, ಅದನ್ನು ತಳ್ಳಿಹಾಕಬಾರದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಶುರುವಾಗುವುದೇ ರೈತನ ಹಕ್ಕಿನಿಂದ. ಕೃಷಿ ಜಮೀನಿನ ಹಕ್ಕುದಾರ ಬೇಸಾಯದ ಅನುಕೂಲಕ್ಕೆ ಬಾವಿ ತೋಡಬಹುದು, ತೋಟದ ಮನೆ ಕಟ್ಟಿಕೊಳ್ಳಬಹುದು, ಅದಕ್ಕಾಗಿ ಭೂಪರಿವರ್ತನೆ, ಅಂದರೆ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸುವ ಆದೇಶ, ಮಾಡಿಸಬೇಕಾಗಿಲ್ಲ. ಹೊಲ ಕಾಯಲು, ದನ ಕಟ್ಟಲು, ಒಕ್ಕಣೆಯ ಸಾಮಾನು ಇಡಲು ಮನೆ ಬೇಕೇ ಬೇಕು ಎನ್ನುವುದು ಕಾಯ್ದೆ ಬರೆದವರಿಗೆ ಗೊತ್ತಿತ್ತು.

ಆದರೆ ಅದೇ ಕಲಂ ತೋಟದ ಮನೆಗೆ ಮಿತಿಯನ್ನೂ ಹಾಕಿದೆ. ಕಟ್ಟಡ ಇರುವ ಜಾಗ ಹಿಡುವಳಿಯ ಶೇ. 10ನ್ನು ಮೀರಬಾರದು, ಅದರ ಮೇಲೊಂದು ಗರಿಷ್ಠ ಮಿತಿಯೂ ಉಂಟು. ಜೊತೆಗೆ ತೋಟದ ಮನೆ ಎಂದರೇನು ಎಂಬ ವಿವರಣೆ ಇದೆ: ಕೃಷಿ ಜಮೀನಿನ ಒಂದು ಭಾಗದಲ್ಲಿ ಕಟ್ಟಿದ, ಕೃಷಿಕನ ವಾಸಕ್ಕೆ ಅಥವಾ ಸಲಕರಣೆ ಇಡಲು, ದನ ಕಟ್ಟಲು ಬಳಸುವ ಮನೆ. ರೈತ ತನ್ನ ಸ್ವಂತಕ್ಕೆ ಬಳಸಬೇಕು, ವಾಣಿಜ್ಯ ಉದ್ದೇಶಕ್ಕೆ ಯಾರಿಗೂ ಬಾಡಿಗೆಗೆ ಕೊಡಬಾರದು.

ಶೇ. 10 ಎಂದಾಗ ಲೆಕ್ಕ ಹಾಕಿ ನೋಡಬೇಕು. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1089 ಚದರ ಅಡಿ. ಎರಡು ಎಕರೆಯ ಹಿಡುವಳಿಯಲ್ಲಿ ಶೇ. 10 ಎಂದರೆ 8 ಗುಂಟೆ, ಗೌಡರ ಮನೆಗೆ ಧಾರಾಳ ಸಾಕು. ಅದೇ ಈಗ ಹೆದ್ದಾರಿ ಪಕ್ಕದ ಬೋರ್ಡುಗಳಲ್ಲಿ ಕಾಣುವ 10 ಗುಂಟೆಯ ಫಾರ್ಮ್ ಪ್ಲಾಟ್ ತೆಗೆದುಕೊಳ್ಳಿ. ಶೇ. 10 ಅಂದರೆ ಒಂದೇ ಗುಂಟೆ, 33 ಅಡಿಗೆ 33 ಅಡಿ. ಬ್ರೋಷರಿನಲ್ಲಿ ತೋರಿಸುವ ಈಜುಕೊಳ, ಕಾರು ನಿಲ್ಲಿಸುವ ಜಾಗ, ಎರಡು ಮಲಗುವ ಕೋಣೆಯ ಕಾಟೇಜು ಇವೆಲ್ಲ ಆ 33 ಅಡಿಯಲ್ಲಿ ಹಿಡಿಯುವುದು ಹೇಗೆ ಎಂದು ಮಾರುವವರನ್ನು ಕೇಳಿದರೆ ಮಾತು ಬೇರೆ ಕಡೆ ಹೊರಳುತ್ತದೆ. ಜೊತೆಗೆ ಹತ್ತು ಗುಂಟೆಯಲ್ಲಿ ಯಾವ ಬೇಸಾಯಕ್ಕೆ ಈ ಮನೆ ಅನುಕೂಲ ಎನ್ನುವ ಪ್ರಶ್ನೆಯೂ ಉಳಿಯುತ್ತದೆ.

ಬಾಡಿಗೆಯ ವಿಚಾರ ಇನ್ನೂ ಮುಖ್ಯ. ಬ್ರೋಕರು ನನ್ನ ತಂಗಿಗೆ ಹೇಳಿದ್ದು, "ಮೇಡಂ, ಶನಿವಾರ ಭಾನುವಾರ ಹೋಮ್‌ಸ್ಟೇಗೆ ಬಿಡಿ, ಸಾಲದ ಕಂತು ಅದರಲ್ಲೇ ಕಳೆಯುತ್ತೆ." ಗೌಡರು ಕಟ್ಟಿದಾಗ ಅದು ತೋಟದ ಮನೆ. ಅವರು ಅಲ್ಲೇ ವಾಸವಿದ್ದು ದನ ಕಟ್ಟಿ ಬೇಸಾಯ ಮಾಡಿದರು. ಗೋಡೆ ಅದೇ, ಛಾವಣಿ ಅದೇ ಆದರೂ ಅದಕ್ಕೆ ದಿನದ ಬಾಡಿಗೆ ಗೊತ್ತುಮಾಡಿ ಫೋಟೊ ಹಾಕಿದ ದಿನ ಕಾಯ್ದೆಯ ಕಣ್ಣಿಗೆ ಅದು ತೋಟದ ಮನೆಯಾಗಿ ಉಳಿಯುವುದಿಲ್ಲ. ಕೃಷಿಯೇತರ ಬಳಕೆಗೆ ಜಿಲ್ಲಾಧಿಕಾರಿಯ ಭೂಪರಿವರ್ತನೆ ಆದೇಶ ಬೇಕು; ಇಲ್ಲದೆ ಬಳಸಿದರೆ 96ನೇ ಕಲಂನಡಿ ದಂಡವೂ ಬರಬಹುದು, ಬಳಕೆ ನಿಲ್ಲಿಸಿ ಮೊದಲಿನಂತೆ ಮಾಡಿ ಎಂಬ ಆದೇಶವೂ ಬರಬಹುದು. ಮಾರುವವನು ಕಾನೂನು ಮೀರಿಲ್ಲ, ಕೊಳ್ಳುವವಳು ಮೀರುತ್ತಾಳೆ. ಆದ್ದರಿಂದ "ಕಟ್ಟಡ ಸಕ್ರಮವೇ?" ಎಂದು ಕೇಳುವುದಕ್ಕೆ ಮುಂಚೆ "ನಾನು ಇದನ್ನು ಯಾತಕ್ಕೆ ಬಳಸುತ್ತೇನೆ?" ಎಂದು ಕೊಳ್ಳುವವರು ತಮ್ಮೊಳಗೆ ತೀರ್ಮಾನಿಸಿಕೊಳ್ಳಬೇಕು. ತಂಗಿ ಮತ್ತು ಅವಳ ಗಂಡ ಆ ಸಂಜೆ ಕೂತು ಮಾತಾಡಿ ಹೋಮ್‌ಸ್ಟೇ ಯೋಚನೆ ಬಿಟ್ಟರು. ಬಿಟ್ಟ ಮೇಲೆ ಜಮೀನಿನ ಬೆಲೆಯ ಲೆಕ್ಕವೇ ಬದಲಾಯಿತು, ಕಂತು ಕಟ್ಟುವ ಶಕ್ತಿಯನ್ನು ಮತ್ತೆ ಅಳೆಯಬೇಕಾಯಿತು. ಕೊಂಡ ಮೇಲೆ ಈ ಲೆಕ್ಕ ಹಾಕಿದ್ದರೆ ಕಷ್ಟವಾಗುತ್ತಿತ್ತು.

ನಂತರ ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಪ್ರಕಾರ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಟ್ಟಡ ಕಟ್ಟಲು ಪಂಚಾಯಿತಿಯ ಅನುಮತಿ ಬೇಕು. ಗೌಡರ ಬಳಿ ಕಂದಾಯ ಕಟ್ಟಿದ ರಸೀದಿಗಳ ಕಟ್ಟೇ ಇತ್ತು, ಜೋಪಾನವಾಗಿ ಇಟ್ಟುಕೊಂಡಿದ್ದರು. ಪಂಚಾಯಿತಿಯ ತೆರಿಗೆ ವಹಿಯಲ್ಲಿಯೂ ಮನೆ ಇದೆ. ಕಟ್ಟಡ ಪರವಾನಗಿಯ ಪ್ರತಿ ಮಾತ್ರ ಅವರ ಬಳಿಯೂ ಇಲ್ಲ, ಕಚೇರಿಯಲ್ಲೂ ಸಿಗಲಿಲ್ಲ. ಇದನ್ನು ಯಾರಾದರೂ ಕೇಳಿದರೆ ಸ್ಪಷ್ಟವಾಗಿ ಹೇಳುತ್ತೇನೆ: ಕಂದಾಯದ ರಸೀದಿ ಕಟ್ಟಡಕ್ಕೆ ಪರವಾನಗಿಯಾಗುವುದಿಲ್ಲ. ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ 11ಬಿ ನಮೂನೆಯೂ ಆಗುವುದಿಲ್ಲ. ಪಂಚಾಯಿತಿ ತೆರಿಗೆ ಹಾಕುವುದು ಅಲ್ಲೊಂದು ಕಟ್ಟಡ ಇದೆ ಎಂಬುದಕ್ಕೆ. ಅದು ನಿಯಮದಂತೆ ಇದೆ ಎಂಬುದಕ್ಕಲ್ಲ. ಬಾಯಿಮಾತಿನ ಉತ್ತರ ಸಾಲದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ, ಇಂಥ ಆಸ್ತಿಗೆ ಕಟ್ಟಡ ಪರವಾನಗಿ ಕೊಟ್ಟಿದೆಯೇ, ಕೊಟ್ಟಿದ್ದರೆ ನಕ್ಷೆಯ ಪ್ರತಿ ಕೊಡಿ ಎಂದು ಬರೆದು ಕೇಳಬಹುದು. 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. "ದಾಖಲೆ ಲಭ್ಯವಿಲ್ಲ" ಎಂದು ಬಂದರೂ ಅದು ಉಪಯೋಗಕ್ಕೆ ಬರುವ ಉತ್ತರವೇ.

ಬೆಂಗಳೂರಿನ ಸುತ್ತ ಪಂಚಾಯಿತಿಯೊಂದೇ ಸಾಕಾಗುವುದಿಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಾಗಡಿ, ನೆಲಮಂಗಲ, ಕನಕಪುರ, ಹೊಸಕೋಟೆ, ಆನೇಕಲ್ ಇವಕ್ಕೆಲ್ಲ ಯೋಜನಾ ಪ್ರಾಧಿಕಾರಗಳಿವೆ. ಹಳ್ಳಿ ಎಷ್ಟೇ ಒಳಗಿದ್ದರೂ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಅದಕ್ಕೊಂದು ಬಣ್ಣ ಇರುತ್ತದೆ. ಹಸಿರು ಎಂದರೆ ಕೃಷಿ ವಲಯ. ಅಲ್ಲಿ ಏನು ಕಟ್ಟಬಹುದು, ಎಷ್ಟು ಕಟ್ಟಬಹುದು ಎಂಬುದನ್ನು ವಲಯ ನಿಯಮಾವಳಿ ಹೇಳುತ್ತದೆ. ಹೊಲದ ಮಧ್ಯೆ ಹಾದುಹೋಗುವ ಪ್ರಸ್ತಾವಿತ ರಸ್ತೆಯ ಗೆರೆಯೂ ಅದೇ ನಕ್ಷೆಯಲ್ಲಿ ಕಾಣುವುದು. ಈ ಭಾಗಕ್ಕೆ ಇನ್ನೊಂದು ವಿಶೇಷವಿದೆ, ತಿಪ್ಪಗೊಂಡನಹಳ್ಳಿ ಜಲಾಶಯ. ಅರ್ಕಾವತಿ, ಕುಮುದ್ವತಿ ಸೇರುವಲ್ಲಿ 1933ರಲ್ಲಿ ಕಟ್ಟಿದ ಇದು ದಶಕಗಳ ಕಾಲ ಬೆಂಗಳೂರಿಗೆ ನೀರು ಕೊಟ್ಟಿತು. ಅದರ ಜಲಾನಯನದಲ್ಲಿ ಕಟ್ಟಡಗಳನ್ನು ನಿಯಂತ್ರಿಸಲು ಸರ್ಕಾರ 2003ರ ನವೆಂಬರಿನಲ್ಲಿ ಅಧಿಸೂಚನೆ ಹೊರಡಿಸಿ ವಲಯಗಳನ್ನು ಗೊತ್ತುಮಾಡಿತು, 2019ರಲ್ಲಿ ಅದನ್ನು ಸಡಿಲಿಸಿತು. ಸಡಿಲಿಸಿದರು ಎಂದ ಮಾತ್ರಕ್ಕೆ ನಿಯಮ ಇಲ್ಲವಾಗಲಿಲ್ಲ. ಸರ್ವೆ ನಂಬರು ಹೇಳಿ, ಅದು ಯಾವ ವಲಯಕ್ಕೆ ಸೇರುತ್ತದೆ ಎಂದು ಪ್ರಾಧಿಕಾರದಿಂದ ಬರೆಸಿಕೊಳ್ಳುವುದೇ ದಾರಿ.

ಇಷ್ಟರವರೆಗಿನದು ಕಚೇರಿಯ ಕೆಲಸ. ನನ್ನ ಮನಸ್ಸಿಗೆ ಹೆಚ್ಚು ತಟ್ಟುವುದು ಖರಾಬಿನ ವಿಷಯ.

ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ 'ಖರಾಬು ಅ', 'ಖರಾಬು ಬ' ಎಂದು ಎರಡು ಸಾಲು ಇರುತ್ತವೆ. ಅ ಖರಾಬು ಎಂದರೆ ಬಂಡೆ, ದಿಣ್ಣೆ, ಬೇಸಾಯಕ್ಕೆ ಬಾರದ ಜಾಗ. ಅದು ಹಕ್ಕುದಾರನ ಹಿಡುವಳಿಯದೇ ಭಾಗ. ಬ ಖರಾಬು ಹಾಗಲ್ಲ. ಹಳ್ಳ, ಬಂಡಿದಾರಿ, ಕಾಲುದಾರಿ, ಸ್ಮಶಾನ, ಇವು ಊರಿನವು, ಸರ್ಕಾರದವು. ಜಮೀನಿನ ಒಳಗೇ ಹಾದುಹೋದರೂ ಮಾರಲು ಬರುವುದಿಲ್ಲ. ಗೌಡರ ಪಹಣಿಯಲ್ಲಿ ಬ ಖರಾಬು 3 ಗುಂಟೆ ಇತ್ತು. ಸ್ಥಳದಲ್ಲಿ ನೋಡಿದರೆ ಹಳ್ಳವೂ ಕಾಣಲಿಲ್ಲ, ದಾರಿಯೂ ಕಾಣಲಿಲ್ಲ. ಎಲ್ಲೋ ಇರಬೇಕಲ್ಲ ಆ 3 ಗುಂಟೆ!

ಗ್ರಾಮ ನಕ್ಷೆ ತೆಗೆದೆವು. ಹಳೆಯ ಗ್ರಾಮ ನಕ್ಷೆಗಳು ನಮ್ಮ ಸಾರ್ವಜನಿಕ ದಾಖಲೆಗಳಲ್ಲೇ ಅತ್ಯಂತ ಪ್ರಾಮಾಣಿಕವಾದವು ಎಂದು ನಾನು ನಂಬುತ್ತೇನೆ. ಸರಪಳಿ ಎಳೆದು ಬಿಸಿಲಲ್ಲಿ ನಡೆದು ಅಳೆದವರು ಹಳ್ಳದ ಪ್ರತಿ ತಿರುವನ್ನೂ ಗುರುತಿಸಿಟ್ಟಿದ್ದಾರೆ. ಆ ನಕ್ಷೆಯಲ್ಲಿ ಮೇಲಿನ ಕೆರೆಯ ಕೋಡಿಯಿಂದ ಹೊರಟ ಹಳ್ಳವೊಂದು ಈ ಸರ್ವೆ ನಂಬರಿನ ಪೂರ್ವದ ಅಂಚಿನಲ್ಲಿ ಹಾದು ಕೆಳಗಿನ ಕೆರೆಗೆ ಸೇರುತ್ತಿತ್ತು. ಮೊಬೈಲಿನಲ್ಲಿ, ನಿಂತ ಜಾಗದ ಸರ್ವೆ ನಂಬರು ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪ್ ತೆರೆದು ಕೊಟ್ಟಿಗೆಯ ಪಕ್ಕ ನಿಂತು ನೋಡಿದರೆ ನಾವು ನಿಂತಿದ್ದದ್ದು ಆ ಗೆರೆಯ ಮೇಲೆಯೇ. ದಿಶಾಂಕ್ ತೋರಿಸುವುದು ಅಂದಾಜು ಮಾತ್ರ, ಅದನ್ನು ಅಳತೆಯೆಂದು ಯಾವ ಕಚೇರಿಯೂ ಒಪ್ಪುವುದಿಲ್ಲ. ಆದರೆ ಸರ್ವೆಯರನ್ನು ಕರೆಸಬೇಕೆಂದು ತೀರ್ಮಾನಿಸಲು ಅಷ್ಟು ಸಾಕಾಯಿತು.

ಪಕ್ಕದ ಹೊಲದ ಅಜ್ಜಿಯೊಬ್ಬರು ಹುರುಳಿ ಬಡಿಯುತ್ತಿದ್ದರು. ಇಲ್ಲಿ ಹಳ್ಳ ಇತ್ತೇನಮ್ಮ ಎಂದು ಕೇಳಿದೆ. "ಇತ್ತಲ್ಲಪ್ಪ. ಮಳೆ ಜೋರಾದ್ರೆ ದಾಟಕ್ಕಾಗ್ತಿರ್ಲಿಲ್ಲ. ಈಗ ಕೆರೆ ಕೋಡಿ ಬಿದ್ದೇ ಎಷ್ಟ್ ವರ್ಸ ಆಯ್ತು. ನೀರೇ ಇಲ್ದಿದ್ಮೇಲೆ ಹಳ್ಳ ಯಾಕೆ ಅಂತ ಸಮ ಮಾಡ್ಕಂಡ್ರು" ಎಂದರು. ಗೌಡರೂ ಇದನ್ನು ಮುಚ್ಚಿಡಲಿಲ್ಲ. ಕೋಡಿ ಬೀಳದ ವರ್ಷಗಳಲ್ಲಿ ಹಳ್ಳ ಹೂತುಹೋಯಿತು, ಮೇಲೆ ಮಣ್ಣು ಹೊಡೆಸಿ ಕೊಟ್ಟಿಗೆ ಹಾಕಿದರು, ಅಷ್ಟೇ. ಅವರಿಗೆ ಅದು ಒತ್ತುವರಿ ಎನಿಸಿಯೇ ಇರಲಿಲ್ಲ.

ಇದು ಬರೀ ಕಾಗದದ ದೋಷವಲ್ಲ. ಕೋಡಿ ಬೀಳದೆ ಎಷ್ಟು ವರ್ಷ ಹೋದರೂ ಒಂದು ವರ್ಷ ಬಿದ್ದೇ ಬೀಳುತ್ತದೆ. 2022ರ ಮಳೆಗಾಲ ನೆನಪಿಸಿಕೊಳ್ಳಿ. ಆ ವರ್ಷ ರಾಮನಗರ ಕಡೆ ಕೆರೆಗಳು ತುಂಬಿ, ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆಯೇ ನೀರು ನಿಂತು ವಾಹನಗಳು ಸಿಕ್ಕಿಕೊಂಡಿದ್ದವು. ಹಳ್ಳದ ಮೇಲೆ ಕೊಟ್ಟಿಗೆ ನಿಂತರೆ ನೀರು ಮನೆಯ ತಳಪಾಯದ ಕಡೆ ತಿರುಗುತ್ತದೆ, ಇಲ್ಲವೇ ಆ ಅಜ್ಜಿಯ ಹೊಲಕ್ಕೆ ನುಗ್ಗುತ್ತದೆ. ಎರಡೂ ಆಗದೆ ಹೋದರೆ ಕೆಳಗಿನ ಕೆರೆಗೆ ನೀರು ಹೋಗದೆ ಅದರ ಅಚ್ಚುಕಟ್ಟು ಒಣಗುತ್ತದೆ. ಕಟ್ಟಡ ಎಲ್ಲಿ ನಿಲ್ಲಬೇಕು, ಎಷ್ಟು ದೂರ ಬಿಡಬೇಕು ಎಂಬ ನಿಯಮಗಳನ್ನು ಕಿರಿಕಿರಿ ಎಂದು ಬಗೆಯುವವರು ಒಮ್ಮೆ ಕೆರೆಯ ಸರಪಣಿಯ ಕೆಳಗಿನ ರೈತನ ಜಾಗದಲ್ಲಿ ನಿಂತು ನೋಡಬೇಕು. ನಗರದಲ್ಲಿ ರಾಜಕಾಲುವೆ ಒತ್ತುವರಿ ಎಂದು ಸಿಟ್ಟಾಗುವ ನಾವು, ಅದೇ ತಪ್ಪನ್ನು ಹಳ್ಳಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವುದು ಸರಿಯಲ್ಲ.

ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕುವುದು ಮಾರುವವರ ಕೆಲಸ. ಸರ್ವೆಯರು ಬರುವಾಗ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗುತ್ತದೆ, ಟಿಪ್ಪಣಿ (ಮೂಲ ಅಳತೆಯ ದಾಖಲೆ) ಮತ್ತು ಆಕಾರಬಂದು (ವಿಸ್ತೀರ್ಣ, ಕಂದಾಯದ ದಾಖಲೆ) ನೋಡಿ ಅಳೆದು ಗಡಿಯ ಬಾಂದು ಕಲ್ಲು ಗುರುತಿಸುತ್ತಾರೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು, ಅದಿಲ್ಲದೆ ನೋಂದಣಿಯಾಗುವುದಿಲ್ಲ. ಅಳತೆಯ ದಿನ ಕೊಳ್ಳುವವರು ಖುದ್ದಾಗಿ ಅಲ್ಲಿರಬೇಕು, ಮನೆಯ ನಾಲ್ಕು ಮೂಲೆಗಳೂ ಗಡಿಯ ಒಳಗೆ ಬೀಳುತ್ತವೆಯೇ ಎಂದು ಸರ್ವೆಯರ ಜೊತೆ ನಡೆದು ನೋಡಬೇಕು.

ಮಂಜೂರಾದ ಜಮೀನಾದರೆ ಮಾತೇ ಬೇರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಕ್ರಯ ನಿಲ್ಲುವುದಿಲ್ಲ, ಅದನ್ನು ಪ್ರಶ್ನಿಸಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ಹಾಗಾಗಿಯೇ ಜಮೀನು ಮಂಜೂರಾದಾಗ ಕೊಟ್ಟ ಸಾಗುವಳಿ ಚೀಟಿಯ ತನಕ ಹಿಂದಕ್ಕೆ ಹೋಗಿ ನೋಡಬೇಕು. ನೆಲವೇ ನಿಲ್ಲದಿದ್ದಾಗ ಅದರ ಮೇಲಿನ ಮನೆಯ ಮಾತು ಬರುವುದೇ ಇಲ್ಲ. ಗೌಡರದು ಪಿತ್ರಾರ್ಜಿತ ಆದ್ದರಿಂದ ಇದನ್ನು ಬೇಗ ದಾಟಿದೆವು.

ಕರೆಂಟಿನ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಲೇಬೇಕು. ತೋಟದಲ್ಲಿರುವುದು ಪಂಪ್‌ಸೆಟ್ಟಿನ ಸಂಪರ್ಕ. ಹತ್ತು ಎಚ್‌ಪಿವರೆಗೆ ಸರ್ಕಾರವೇ ದುಡ್ಡು ಭರಿಸುತ್ತದೆ. ಮನೆಯೊಳಗೆ ದೀಪ, ಫ್ಯಾನು, ಫ್ರಿಜ್ಜು ನಡೆಯುತ್ತಿದ್ದರೆ ಅದು ಯಾವ ಮೀಟರಿನಿಂದ? ಸಂಪರ್ಕದ ಆರ್‌ಆರ್ ನಂಬರು (ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆ) ನೋಡಿ, ಬಿಲ್ಲು ತರಿಸಿ, ಗೃಹ ಬಳಕೆಯ ಸಂಪರ್ಕ ಪ್ರತ್ಯೇಕ ಇದೆಯೇ ತಿಳಿಯಬೇಕು. ಪಂಪ್‌ಸೆಟ್ಟಿನಿಂದ ಮನೆಗೆ ತಂತಿ ಎಳೆದಿದ್ದರೆ ಅದು 2003ರ ವಿದ್ಯುತ್ ಕಾಯ್ದೆಯ 126ನೇ ಕಲಂನಡಿ ಅನಧಿಕೃತ ಬಳಕೆ. ಮನೆಗೆ ಹೊಸ ಸಂಪರ್ಕ ಹಾಕಿಸಿಕೊಂಡರಾಯಿತು ಎನ್ನುವ ಕಾಲ ಹೋಯಿತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಮೀರತ್ತಿನ ಪ್ರಕರಣವೊಂದರಲ್ಲಿ, ಕಟ್ಟಡ ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು ಹೇಳಿತು. ಅದರ ಬಿಸಿ ಕರ್ನಾಟಕಕ್ಕೂ 2025ರಲ್ಲಿ ಚೆನ್ನಾಗಿಯೇ ತಟ್ಟಿತು, ಮನೆ ಕಟ್ಟಿ ಮುಗಿಸಿದವರು ಮೀಟರಿಗಾಗಿ ಕಾಯುವಂತಾಯಿತು. ತಲೆ ಮೇಲೆ ಹೈಟೆನ್ಷನ್ ಲೈನು ಹೋಗಿದ್ದರೆ ಅದರ ಕೆಳಗಿನ ಪಟ್ಟಿಯನ್ನೂ ಕಟ್ಟಡಕ್ಕೆ ಲೆಕ್ಕ ಹಿಡಿಯಬಾರದು. 66 ಕೆವಿಗೆ 18 ಮೀಟರ್, 220 ಕೆವಿಗೆ 35 ಮೀಟರ್ ಅಗಲದ ಪಟ್ಟಿ ಅದು.

ಪರವಾನಗಿ ಪಡೆಯದ ಮನೆ ಎಂದರೆ ಯಾವ ಎಂಜಿನಿಯರೂ ನೋಡದ ಮನೆ ಎಂದೂ ಅರ್ಥ. ನಗರದವರಿಗೆ ಇದು ಹೊಳೆಯುವುದಿಲ್ಲ. ಮೇಸ್ತ್ರಿ ಅನುಭವಸ್ಥನಾಗಿದ್ದರೆ ಮನೆ ಗಟ್ಟಿಯಾಗಿಯೇ ಇರುತ್ತದೆ, ಮೇಸ್ತ್ರಿಗಳ ಕೈಚಳಕವನ್ನು ನಾನು ಗೌರವಿಸುತ್ತೇನೆ. ಆದರೂ ದುಡ್ಡು ಕೊಡುವ ಮೊದಲು ಒಬ್ಬ ಸಿವಿಲ್ ಎಂಜಿನಿಯರನ್ನು ಕರೆದುಕೊಂಡು ಹೋಗಿ ತೋರಿಸುವ ಖರ್ಚು ದೊಡ್ಡದಲ್ಲ. ಈ ಮನೆಯಲ್ಲಿ ಅವರು ಕಂಡದ್ದು ಎರಡು: ಅರ್ತಿಂಗ್ ಇಲ್ಲ, ಕಕ್ಕಸಿನ ಗುಂಡಿ ಬೋರಿಗೆ ತೀರಾ ಹತ್ತಿರ ಇದೆ. ಕುಡಿಯುವುದೂ ಅದೇ ಬೋರಿನ ನೀರು. ಗುಂಡಿಯನ್ನು ಬೇರೆ ಕಡೆ ತೋಡಿಸಿ, ನೀರನ್ನು ಪರೀಕ್ಷೆಗೆ ಕೊಡುವವರೆಗೆ ಅಲ್ಲಿ ಮಕ್ಕಳನ್ನು ಇಟ್ಟುಕೊಳ್ಳಬೇಡಿ ಎಂದು ಅವರು ಖಡಾಖಂಡಿತವಾಗಿ ಹೇಳಿದರು.

ಕ್ರಯಪತ್ರದ ಷೆಡ್ಯೂಲಿನ, ಅಂದರೆ ಮಾರುವ ಆಸ್ತಿಯ ವಿವರ ಬರೆಯುವ ಭಾಗದ, ಬಗ್ಗೆಯೂ ಹೇಳಬೇಕು. ಪತ್ರ ಬರೆಯುವವರು "ಮನೆ ಬರೆಯೋದು ಬೇಡ, ಬರೀ ಜಮೀನು ಅಂತ ಹಾಕೋಣ, ಸ್ಟ್ಯಾಂಪ್ ಡ್ಯೂಟಿ ಉಳಿಯುತ್ತೆ" ಎನ್ನುತ್ತಾರೆ. ಒಪ್ಪಬಾರದು. ಮನೆಗೆಂದು ಲಕ್ಷಗಟ್ಟಲೆ ಕೊಟ್ಟು, ಮನೆಯ ಸುದ್ದಿಯೇ ಇಲ್ಲದ ಪತ್ರ ಪಡೆದರೆ ಮುಂದೆ ಅದು ನಮ್ಮದೆಂದು ತೋರಿಸಲು ಏನಿರುತ್ತದೆ? ಕಡಿಮೆ ಬೆಲೆ ತೋರಿಸಿದ್ದಾರೆಂದು ಸ್ಟ್ಯಾಂಪ್ ಕಾಯ್ದೆಯ 45ಎ ಅಡಿ ಪ್ರಕರಣ ಬಂದರೆ ಉಳಿಸಿದ್ದೂ ಹೋಗುತ್ತದೆ. ಹಾಗೆಯೇ, ನೋಂದಣಿ ಆದ ಕೂಡಲೇ ಕಟ್ಟಡ ಸಕ್ರಮವಾಯಿತು ಎನ್ನುವುದೂ ಸುಳ್ಳು. ಉಪನೋಂದಣಾಧಿಕಾರಿ ನೋಂದಾಯಿಸುವುದು ವ್ಯವಹಾರವನ್ನು; ಗೋಡೆ ಯಾರ ನೆಲದಲ್ಲಿದೆ ಎಂದು ಅವರು ಬಂದು ನೋಡುವುದಿಲ್ಲ.

ಕ್ರಯದ ಕರಾರಿನಲ್ಲಿ ನಾವು ಬರೆಸಿದ ಷರತ್ತುಗಳು ಇವು. ಹದ್ದುಬಸ್ತು ಮಾಡಿಸಿಕೊಡುವುದು ಗೌಡರ ಹೊಣೆ. ಹಳ್ಳದ ಮೇಲಿರುವ ಕೊಟ್ಟಿಗೆ ತೆಗೆದು, ಹಳ್ಳವನ್ನು ನಕ್ಷೆಯಂತೆ ಬಿಡಿಸಬೇಕು. ಬ ಖರಾಬಿನ 3 ಗುಂಟೆಗೆ ದುಡ್ಡಿಲ್ಲ. ವಲಯದ ಬಗ್ಗೆ ಪ್ರಾಧಿಕಾರದ ಲಿಖಿತ ಉತ್ತರ ವಿರುದ್ಧವಾಗಿ ಬಂದರೆ ಮುಂಗಡ ವಾಪಸು. ಮನೆಯ ಅಳತೆ ಮತ್ತು ಫೋಟೊಗಳು ಷೆಡ್ಯೂಲಿನ ಜೊತೆಗಿರಬೇಕು.

ಮೂರು ಗುಂಟೆಯ ದುಡ್ಡಿಗೆ ಗೌಡರು ಸ್ವಲ್ಪ ಹೊತ್ತು ಬೇಸರ ಮಾಡಿಕೊಂಡರು. ಅವರ ಮಗ ಅಪ್ಪನನ್ನು ಪಕ್ಕಕ್ಕೆ ಕರೆದು ಮಾತಾಡಿ ಒಪ್ಪಿಸಿದ. ಕೊಟ್ಟಿಗೆ ಕಳಚಿ ಮನೆಯ ಪಶ್ಚಿಮಕ್ಕೆ ಹಾಕಿಸುವ ಖರ್ಚಿನಲ್ಲಿ ಅರ್ಧ ತಂಗಿ ಕೊಡುತ್ತಾಳೆ, ಹಳ್ಳ ಬಿಡಿಸುವ ಜೆಸಿಬಿ ಖರ್ಚು ಗೌಡರದು. ಸರ್ವೆಗೆ ಅರ್ಜಿ ಹೋಗಿದೆ. ಪ್ರಾಧಿಕಾರದ ಉತ್ತರ ಕೈಗೆ ಬರುವವರೆಗೆ ನೋಂದಣಿಗೆ ದಿನ ಗೊತ್ತುಮಾಡಿಲ್ಲ.